ಪ್ರಯಾಣದ ಸರಾಸರಿ ವೇಗ ಲೆಕ್ಕ ಹಾಕುವುದು ಹೇಗೆ? ದಿಂಬಂ ಘಾಟಿ ದಾಟುವ ಸದಸ್ಯರಿಗೊಂದು ಕೈಪಿಡಿ



ರಾಜ್ಯೋತ್ಸವವಿರಲಿ, ಮದುವೆ ಮುಂಜಿಯಿರಲಿ, ಹಾಸನೂರಿನ ಕಡೆಗೆ ಹೊರಡುವ ನಮ್ಮ ಸದಸ್ಯರು ಸಂಘಕ್ಕೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಹೊತ್ತು ಹಿಡಿಯುತ್ತೆ?" ಕಿಲೋಮೀಟರ್ ಎಷ್ಟು ಎಂದು ಕೇಳುವವರು ಕಡಿಮೆ. ಅದು ರಸ್ತೆ ಬದಿಯ ಕಲ್ಲಿನಲ್ಲಿದೆ, ಫೋನಿನಲ್ಲೂ ಸಿಗುತ್ತದೆ. ಹೊತ್ತಿನ ಲೆಕ್ಕವೇ ತಪ್ಪುವುದು. ಬೇರೆ ಊರಿನಲ್ಲಿ ಈ ಲೆಕ್ಕ ತಪ್ಪಿದರೆ ಊಟ ತಣ್ಣಗಾಗುತ್ತದೆ, ಅಷ್ಟೆ. ನಮ್ಮ ರಸ್ತೆಯಲ್ಲಿ ತಪ್ಪಿದರೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬಂದವರು ಹತ್ತು ನಿಮಿಷ ತಡವಾಗಿ ಚೆಕ್‌ಪೋಸ್ಟ್ ಮುಟ್ಟಿ, ಬಂದ ದಾರಿಯಲ್ಲೇ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ವಾಪಸ್ಸು ಹೋದದ್ದು ಒಂದೆರಡು ಸಲವಲ್ಲ.

ಆದ್ದರಿಂದ ಸರಾಸರಿ ವೇಗವೆಂದರೇನು, ಅದನ್ನು ಸರಿಯಾಗಿ ತೆಗೆಯುವುದು ಹೇಗೆ, ಅದರಿಂದ ಹೊರಡುವ ಸಮಯವನ್ನು ಹೇಗೆ ಗೊತ್ತು ಮಾಡಿಕೊಳ್ಳಬೇಕು ಎಂಬುದನ್ನು ಒಂದೇ ಕಡೆ ಬರೆದಿಡುತ್ತಿದ್ದೇವೆ. ಇದಕ್ಕೆ ಏಳನೇ ತರಗತಿಯ ಗಣಿತ ಸಾಕು. ಹಾಸನೂರಿನ ರಸ್ತೆಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಹೊಸೂರು, ಕಾಸರಗೋಡು, ಅಕ್ಕಲಕೋಟೆಯ ಸದಸ್ಯರು ತಮ್ಮ ರಸ್ತೆಯ ಅಂಕಿಗಳನ್ನು ಹಾಕಿಕೊಳ್ಳಬಹುದು.

1. ರಸ್ತೆಯ ಪರಿಚಯ

ಹೊಸದಾಗಿ ಬರುವವರಿಗಾಗಿ ನಾಲ್ಕು ಮಾತು. ಹಾಸನೂರು ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ, ತಾಳವಾಡಿ ಬೆಟ್ಟಸೀಮೆಯಲ್ಲಿ. ಕೆಳಗಿನ ಸತ್ಯಮಂಗಲದಿಂದ ಮೇಲಿನ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಊರಿನ ಮೂಲಕವೇ ಹಾದುಹೋಗುತ್ತದೆ. ಹಳಬರು ಇದನ್ನು ಇಂದಿಗೂ 209 ಎನ್ನುತ್ತಾರೆ, ಅದು ಹಿಂದಿನ ಸಂಖ್ಯೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಕಡೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಪ್ರತ್ಯೇಕ ಜಿಲ್ಲೆಯಾದಾಗ ನಾವು ಅದರ ಪಾಲಿಗೆ ಬಂದೆವು. ಹೀಗಾಗಿ ನಮ್ಮ ಕಾಗದಪತ್ರದ ಕೆಲಸ ಘಾಟಿಯ ಕೆಳಗೆ, ನಂಟಸ್ತನ ಘಾಟಿಯ ಮೇಲೆ. ಎರಡೂ ಕಡೆ ಓಡಾಡುವುದು ತಪ್ಪಿದ್ದಲ್ಲ.

ಸತ್ಯಮಂಗಲದಿಂದ ಬಣ್ಣಾರಿಯವರೆಗೆ ಬಯಲು ರಸ್ತೆ. ಬಣ್ಣಾರಿ ದಾಟಿದರೆ ದಿಂಬಂ ಘಾಟಿ, 27 ಹೇರ್‌ಪಿನ್ ತಿರುವು. ದಿಂಬಂ ಮೇಲೆ ಹತ್ತಿದ ಮೇಲೆ ಹಾಸನೂರಿನವರೆಗೂ, ಅಲ್ಲಿಂದ ಕಾರಪಳ್ಳಂ ಚೆಕ್‌ಪೋಸ್ಟ್ ದಾಟಿ ಕರ್ನಾಟಕದ ಪುಣಜನೂರಿನವರೆಗೂ ಕಾಡಿನ ರಸ್ತೆ. ಇಲ್ಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ.

ರಾತ್ರಿ ನಿರ್ಬಂಧದ ವಿಚಾರ: ಈರೋಡ್ ಜಿಲ್ಲಾಧಿಕಾರಿಗಳ 2019ರ ಜನವರಿಯ ಅಧಿಸೂಚನೆಯನ್ನು ಜಾರಿಗೆ ತರುವಂತೆ ಮದ್ರಾಸ್ ಹೈಕೋರ್ಟ್ ಆದೇಶಿಸಿದ ಮೇಲೆ, 2022ರ ಫೆಬ್ರವರಿ 10ರಿಂದ ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ಭಾರಿ ವಾಣಿಜ್ಯ ವಾಹನಗಳನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಇತರ ವಾಹನಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ತಡೆಯುವ ವ್ಯವಸ್ಥೆ ಬಂತು. ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಪ್ಪಿಸುವುದೇ ಇದರ ಉದ್ದೇಶ. ತುರ್ತು ವಾಹನಗಳಿಗೆ, ಸ್ಥಳೀಯರಿಗೆ ವಿನಾಯಿತಿಗಳಿವೆ. ನಿಯಮದಲ್ಲಿ ಆಮೇಲೂ ಮಾರ್ಪಾಡುಗಳಾಗಿವೆ. ಹೊರಡುವ ಮುನ್ನ ಆ ದಿನದ ನಿಯಮವನ್ನು ವಿಚಾರಿಸಿಕೊಳ್ಳಿ. ಈ ಲೇಖನದಲ್ಲಿ ಕಾರಿನವರ ಲೆಕ್ಕಕ್ಕೆ ರಾತ್ರಿ 9 ಗಂಟೆಯನ್ನು ಗಡುವಾಗಿ ಇಟ್ಟುಕೊಂಡಿದ್ದೇವೆ.

2. ಸರಾಸರಿ ವೇಗ ಎಂದರೆ

ಸರಾಸರಿ ವೇಗ = ಒಟ್ಟು ದೂರ ÷ ಒಟ್ಟು ಸಮಯ.

ಇಲ್ಲಿ "ಒಟ್ಟು" ಎಂಬ ಮಾತು ಎರಡು ಕಡೆಯೂ ಇದೆ ಎಂಬುದನ್ನು ಗಮನಿಸಿ. ಮನೆಯ ಬಾಗಿಲಿನಿಂದ ತಲುಪುವ ಬಾಗಿಲಿನವರೆಗಿನ ದೂರ; ಹೊರಟ ಹೊತ್ತಿನಿಂದ ತಲುಪಿದ ಹೊತ್ತಿನವರೆಗಿನ ಸಮಯ. ನಡುವೆ ಟೀ ಕುಡಿದದ್ದು, ಪೆಟ್ರೋಲ್ ಹಾಕಿಸಿದ್ದು, ಚೆಕ್‌ಪೋಸ್ಟಿನಲ್ಲಿ ನಿಂತದ್ದು ಎಲ್ಲವೂ ಆ ಸಮಯದೊಳಗೇ ಸೇರುತ್ತದೆ. ಸ್ಪೀಡೋಮೀಟರಿನ ಮುಳ್ಳು ತೋರಿಸುವುದು ಆ ಕ್ಷಣದ ವೇಗ. ಅದು 60 ಮುಟ್ಟಿತ್ತು ಎಂಬ ಮಾತ್ರಕ್ಕೆ ನಾವು ಗಂಟೆಗೆ 60ರಲ್ಲಿ ಬಂದೆವು ಎಂದಾಗುವುದಿಲ್ಲ.

ಸರ್ಕಾರಿ ಕಚೇರಿಯಲ್ಲಿ ಟಿ.ಎ. ಬಿಲ್ಲು ಬರೆದವರಿಗೆ ಇದು ಹೊಸದಲ್ಲ. ಹೊರಟ ಸ್ಥಳ ಮತ್ತು ಸಮಯ, ತಲುಪಿದ ಸ್ಥಳ ಮತ್ತು ಸಮಯ, ಕಿಲೋಮೀಟರ್. ಅಷ್ಟು ಕಾಲಂ ತುಂಬಿದರೆ ಸರಾಸರಿ ವೇಗ ತಾನಾಗಿ ಬರುತ್ತದೆ. ದಾರಿಯಲ್ಲಿ ಎಷ್ಟು ಜೋರಾಗಿ ಬಂದಿರಿ ಎಂದು ಆ ಬಿಲ್ಲಿನಲ್ಲಿ ಯಾರೂ ಕೇಳುವುದಿಲ್ಲ.

3. ನಿಮಿಷ ಮತ್ತು ದಶಮಾಂಶ

ಮೊದಲ ಎಡವು ಇಲ್ಲೇ. 1 ಗಂಟೆ 20 ನಿಮಿಷವನ್ನು 1.20 ಎಂದು ಕ್ಯಾಲ್ಕುಲೇಟರಿಗೆ ಹಾಕುವವರಿದ್ದಾರೆ. ಗಂಟೆಗೆ 60 ನಿಮಿಷ, 100 ಅಲ್ಲ. 20 ನಿಮಿಷವೆಂದರೆ ಗಂಟೆಯ ಮೂರನೇ ಒಂದು ಭಾಗ, ಆದ್ದರಿಂದ ಅದು 1.33 ಗಂಟೆ. 38 ಕಿ.ಮೀ. ದೂರವನ್ನು 1.20ರಿಂದ ಭಾಗಿಸಿದರೆ 31.7 ಬರುತ್ತದೆ. ಸರಿಯಾದ ಉತ್ತರ 28.5.

ಈ ಗೋಜೇ ಬೇಡವೆಂದರೆ ಎಲ್ಲವನ್ನೂ ನಿಮಿಷಕ್ಕೆ ಇಳಿಸಿಕೊಳ್ಳಿ. ಈ ಎರಡು ಸೂತ್ರ ಸಾಕು:

ಸರಾಸರಿ ವೇಗ = ಕಿ.ಮೀ. × 60 ÷ ನಿಮಿಷ

ಹಿಡಿಯುವ ನಿಮಿಷ = ಕಿ.ಮೀ. × 60 ÷ ವೇಗ

ಉದಾಹರಣೆ: 38 × 60 = 2280. ಅದನ್ನು 80 ನಿಮಿಷದಿಂದ ಭಾಗಿಸಿದರೆ ಗಂಟೆಗೆ 28.5 ಕಿ.ಮೀ.

ನಮ್ಮ ಹಿರಿಯರಿಗೆ ಗಂಟೆಯ ಲೆಕ್ಕಕ್ಕಿಂತ ಗಳಿಗೆಯ ಲೆಕ್ಕ ಹತ್ತಿರವಾಗಿತ್ತು. ಒಂದು ಗಳಿಗೆಗೆ 24 ನಿಮಿಷ, ದಿನಕ್ಕೆ 60 ಗಳಿಗೆ; ಎರಡೂವರೆ ಗಳಿಗೆ ಸೇರಿದರೆ ಒಂದು ಗಂಟೆ. ದೂರಕ್ಕೆ ಹರದಾರಿ ಇತ್ತು, ಸುಮಾರು ಮೂರು ಮೈಲಿ. ಒಂದು ಮೈಲಿಗೆ 1.609 ಕಿ.ಮೀ.; ಹಾಗಾಗಿ ಹರದಾರಿಯೆಂದರೆ ಹತ್ತಿರ ಹತ್ತಿರ 5 ಕಿ.ಮೀ. ಗಟ್ಟಿ ಕಾಲಿನವರು ಬಯಲಿನಲ್ಲಿ ಗಂಟೆಗೆ ನಡೆಯುವಷ್ಟು ದೂರ. "ಎರಡು ಹರದಾರಿ" ಎಂದರೆ ಎರಡು ಗಂಟೆಯ ನಡಿಗೆ ಎಂದು ಕೇಳಿದವರಿಗೆ ಅರ್ಥವಾಗುತ್ತಿತ್ತು. ಆ ಮಾತಿನೊಳಗೇ ಸರಾಸರಿ ವೇಗ ಅಡಗಿತ್ತು.

4. ವೇಗಗಳ ಸರಾಸರಿ ಬೇರೆ, ಸರಾಸರಿ ವೇಗ ಬೇರೆ

ಎರಡನೆಯ ಎಡವು ದೊಡ್ಡದು. ಸತ್ಯಮಂಗಲದಿಂದ ಹಾಸನೂರಿಗೆ ಕಾರಿನಲ್ಲಿ ಬರುವ ಲೆಕ್ಕವನ್ನೇ ನೋಡೋಣ. ಸುಲಭಕ್ಕಾಗಿ ದೂರಗಳನ್ನು ಸುಮಾರಾಗಿ ಹೀಗೆ ಇಟ್ಟುಕೊಂಡಿದ್ದೇವೆ:

ಬಯಲು, ಬಣ್ಣಾರಿಯವರೆಗೆ: 12 ಕಿ.ಮೀ., ಗಂಟೆಗೆ 40ರಂತೆ 18 ನಿಮಿಷ
ಘಾಟಿ, ದಿಂಬಂವರೆಗೆ: 14 ಕಿ.ಮೀ., ಗಂಟೆಗೆ 20ರಂತೆ 42 ನಿಮಿಷ
ಕಾಡು, ಹಾಸನೂರಿನವರೆಗೆ: 12 ಕಿ.ಮೀ., ಗಂಟೆಗೆ 36ರಂತೆ 20 ನಿಮಿಷ
ಒಟ್ಟು: 38 ಕಿ.ಮೀ., 80 ನಿಮಿಷ

ಸರಾಸರಿ ವೇಗ 28.5. ಆದರೆ ಹಲವರು ಮಾಡುವುದು ಹೀಗೆ: 40, 20, 36 ಕೂಡಿಸಿ ಮೂರರಿಂದ ಭಾಗಿಸಿ 32 ಎನ್ನುತ್ತಾರೆ. 32ರಂತೆ 38 ಕಿ.ಮೀ.ಗೆ 71 ನಿಮಿಷ. ನಿಜವಾಗಿ ಹಿಡಿಯುವುದು 80. ಒಂಬತ್ತು ನಿಮಿಷ ಕಾಗದದ ಮೇಲೆಯೇ ಕಳೆದುಹೋಯಿತು, ಇನ್ನೂ ಒಂದು ಲಾರಿ ಎದುರಾಗಿಲ್ಲ.

ಏಕೆ ಹೀಗೆ? ಘಾಟಿಯ ದೂರ ಒಟ್ಟು ದೂರದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ಘಾಟಿಯಲ್ಲಿ ಕಳೆಯುವ ಹೊತ್ತು ಒಟ್ಟು ಹೊತ್ತಿನ ಅರ್ಧಕ್ಕಿಂತ ಹೆಚ್ಚು, 80ರಲ್ಲಿ 42. ನಿಧಾನದ ರಸ್ತೆಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ. ಆದ್ದರಿಂದ ಸರಾಸರಿಯಲ್ಲಿ ಅದರ ತೂಕವೇ ಹೆಚ್ಚು. ಸುಮ್ಮನೆ ಕೂಡಿಸಿ ಭಾಗಿಸಿದಾಗ ಮೂರೂ ರಸ್ತೆಗೆ ಸಮಾನ ತೂಕ ಕೊಟ್ಟಂತಾಗುತ್ತದೆ. ಸೇಬು ಒಂದು ಕೆ.ಜಿ., ಈರುಳ್ಳಿ ಹತ್ತು ಕೆ.ಜಿ. ಕೊಂಡು, ಎರಡರ ದರವನ್ನೂ ಕೂಡಿಸಿ ಅರ್ಧ ಮಾಡಿ "ಕೆ.ಜಿ.ಗೆ ಇಷ್ಟು ಬಿತ್ತು" ಎಂದಂತೆ.

ಹಾಗಾದರೆ ವೇಗಗಳ ಸರಾಸರಿ ಯಾವಾಗಲೂ ತಪ್ಪೇ? ಅಲ್ಲ. ಪ್ರತಿ ವೇಗದಲ್ಲೂ ಒಂದೇ ಅಳತೆಯ ಸಮಯ ಕಳೆದಿದ್ದರೆ ಅದು ಸರಿ. ಒಂದು ಗಂಟೆ 20ರಲ್ಲಿ, ಇನ್ನೊಂದು ಗಂಟೆ 40ರಲ್ಲಿ ಹೋದರೆ ಎರಡು ಗಂಟೆಗೆ 60 ಕಿ.ಮೀ., ಸರಾಸರಿ 30. ಆದರೆ 20 ಕಿ.ಮೀ. ದೂರವನ್ನು 20ರಲ್ಲಿ, ಇನ್ನೊಂದು 20 ಕಿ.ಮೀ. ದೂರವನ್ನು 40ರಲ್ಲಿ ಹೋದರೆ 60 ನಿಮಿಷ ಮತ್ತು 30 ನಿಮಿಷ. 90 ನಿಮಿಷಕ್ಕೆ 40 ಕಿ.ಮೀ., ಸರಾಸರಿ 26.7. ಸಮಯ ಸಮನಾಗಿದ್ದರೆ ಕೂಡಿಸಿ ಭಾಗಿಸಿ, ದೂರ ಸಮನಾಗಿದ್ದರೆ ಹಾಗೆ ಮಾಡಬೇಡಿ. ಇಷ್ಟು ನೆನಪಿದ್ದರೆ ಸಾಕು.

ಸಮಾನ ಸಮಯದ ಲೆಕ್ಕ ನಮ್ಮ ನಾಡಿಗೆ ಬಹಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿದ್ದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ದಾರಿ ನಡೆಯುವವರ ಲೆಕ್ಕಗಳಿವೆ: ಒಬ್ಬ ದಿನದಿನಕ್ಕೂ ನಡಿಗೆ ಹೆಚ್ಚಿಸುತ್ತ ಹೋಗುತ್ತಾನೆ, ಇನ್ನೊಬ್ಬ ಒಂದೇ ಸಮನೆ ನಡೆಯುತ್ತಾನೆ, ಇಬ್ಬರೂ ಮತ್ತೆ ಸೇರುವುದು ಯಾವಾಗ ಎಂಬ ಬಗೆಯವು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಆ ಬಗೆಯ ಲೆಕ್ಕವನ್ನು ನಮ್ಮದೇ ಅಂಕಿಯಲ್ಲಿ ಹೀಗೆ ಹೇಳಬಹುದು. ಒಬ್ಬ ಮೊದಲ ದಿನ 3 ಹರದಾರಿ ನಡೆದು ದಿನಕ್ಕೆ 2 ಹರದಾರಿಯಂತೆ ಹೆಚ್ಚಿಸುತ್ತಾನೆ. ಇನ್ನೊಬ್ಬ ದಿನವೂ 7 ಹರದಾರಿ. ಮೊದಲಿನವನ ನಡಿಗೆ 3, 5, 7, 9, 11. ಐದು ದಿನಕ್ಕೆ 35. ಎರಡನೆಯವನದೂ ಐದು ದಿನಕ್ಕೆ 35. ಐದನೆಯ ದಿನದ ಕೊನೆಗೆ ಇಬ್ಬರೂ ಒಂದೇ ಕಡೆ. ಇಲ್ಲಿ ಪ್ರತಿ ನಡಿಗೆಗೂ ಒಂದೊಂದೇ ದಿನ, ಆದ್ದರಿಂದ ಸರಾಸರಿ 7 ಎಂಬುದು ಸರಿಹೊಂದುತ್ತದೆ. ಮನೆಯಲ್ಲಿ ಮಕ್ಕಳಿಗೆ ಕೊಟ್ಟು ನೋಡಿ.

5. ಹತ್ತುವುದು, ಇಳಿಯುವುದು

ಒಂದೇ ದಾರಿಯಲ್ಲಿ ಹೋಗಿ ಬಂದರೆ ದೂರ ಎರಡೂ ಸಲ ಒಂದೇ. ಆಗ ಈ ಸೂತ್ರ ಬಳಸಬಹುದು:

ಸರಾಸರಿ = 2 × ಹೋದ ವೇಗ × ಬಂದ ವೇಗ ÷ (ಎರಡು ವೇಗಗಳ ಮೊತ್ತ)

ತುಂಬಿದ ವ್ಯಾನು 15 ಕಿ.ಮೀ. ಏರುದಾರಿಯನ್ನು ಗಂಟೆಗೆ 15ರಂತೆ ಹತ್ತಿ, 30ರಂತೆ ಇಳಿಯಿತು ಎನ್ನಿ. ಹತ್ತಲು 60 ನಿಮಿಷ, ಇಳಿಯಲು 30 ನಿಮಿಷ. 90 ನಿಮಿಷಕ್ಕೆ 30 ಕಿ.ಮೀ., ಅಂದರೆ ಗಂಟೆಗೆ 20. ಸೂತ್ರದಲ್ಲೂ 2 × 15 × 30 = 900, 45ರಿಂದ ಭಾಗಿಸಿದರೆ 20. ಮನಸ್ಸು ಹೇಳುವ 22.5 ಅಲ್ಲ.

ಈಗ ಒಂದು ಪ್ರಶ್ನೆ. ಇದೇ ವ್ಯಾನು 15ರಲ್ಲಿ ಹತ್ತಿಯಾಯಿತು. ಹೋಗಿ ಬರುವ ಸರಾಸರಿ 30 ಆಗಬೇಕಾದರೆ ಎಷ್ಟು ವೇಗದಲ್ಲಿ ಇಳಿಯಬೇಕು? 45 ಎನ್ನುವವರೇ ಹೆಚ್ಚು. ಲೆಕ್ಕ ನೋಡಿ: ಒಟ್ಟು 30 ಕಿ.ಮೀ., ಸರಾಸರಿ 30 ಬೇಕೆಂದರೆ ಇರುವ ಸಮಯ ಒಂದೇ ಗಂಟೆ. ಆ ಒಂದು ಗಂಟೆ ಹತ್ತುವುದರಲ್ಲೇ ಮುಗಿದಿದೆ. ಇಳಿಯಲು ಉಳಿದದ್ದು ಸೊನ್ನೆ ನಿಮಿಷ. ರೆಕ್ಕೆ ಕಟ್ಟಿಕೊಂಡರೂ ಆಗದು.

6. ಕಳೆದ ಹೊತ್ತನ್ನು ಓಡಿಸಿ ಹಿಡಿಯಬಹುದೇ?

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಗೇಟಿಗೆ ತಡವಾಗುತ್ತದೆ ಎಂದು ತೋರಿದಾಗ ಎಲ್ಲರೂ ಮಾಡುವುದು ಬಯಲಿನಲ್ಲಿ ಕಾಲು ಒತ್ತುವುದು. ಅದರಿಂದ ಎಷ್ಟು ಸಿಗುತ್ತದೆ, ಲೆಕ್ಕ ಹಾಕೋಣ.

ಮೇಲಿನ ಉದಾಹರಣೆಯಲ್ಲಿ ಸತ್ಯಮಂಗಲದಿಂದ ಬಣ್ಣಾರಿಯವರೆಗೆ 40ರ ಬದಲು 60ರಲ್ಲಿ ಓಡಿಸಿದರೆ 18 ನಿಮಿಷದ ದಾರಿ 12 ನಿಮಿಷಕ್ಕೆ ಮುಗಿಯುತ್ತದೆ. ವೇಗ ಒಂದೂವರೆ ಪಟ್ಟಾಯಿತು, ಸಿಕ್ಕಿದ್ದು 6 ನಿಮಿಷ. ಇಡೀ ಪ್ರಯಾಣದ ಸರಾಸರಿ 28.5ರಿಂದ 30.8ಕ್ಕೆ ಏರಿತು, ಅಷ್ಟೆ.

ಈಗ ಘಾಟಿಯಲ್ಲಿ ಭಾರ ಹೊತ್ತ ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿರಿ ಎನ್ನಿ. ಗಂಟೆಗೆ 20 ಇದ್ದದ್ದು 12ಕ್ಕೆ ಇಳಿಯಿತು. 14 ಕಿ.ಮೀ.ಗೆ 42 ನಿಮಿಷದ ಬದಲು 70 ನಿಮಿಷ. ಕಳೆದದ್ದು 28 ನಿಮಿಷ. ಬಯಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಗಳಿಸಿದ 6 ನಿಮಿಷ ಎಲ್ಲಿ, ತಿರುವಿನಲ್ಲಿ ಕಳೆದ 28 ಎಲ್ಲಿ? ಬಯಲಿನ ಇಡೀ ದಾರಿಯೇ 18 ನಿಮಿಷದ್ದು. ಅಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾರಿ ಹೋದರೂ 18ಕ್ಕಿಂತ ಹೆಚ್ಚು ಉಳಿಸಲಾಗದು.

ವೇಗದ ರಸ್ತೆಯಲ್ಲಿ ಮೊದಲೇ ಸಮಯ ಕಡಿಮೆ. ಅಲ್ಲಿಂದ ಕದಿಯಲು ಹೆಚ್ಚೇನೂ ಇಲ್ಲ. ನಿಧಾನದ ರಸ್ತೆಯಲ್ಲಿ ಸಮಯ ಬೇಕಾದಷ್ಟಿದೆ, ಆದರೆ ಅಲ್ಲಿ ವೇಗ ನಮ್ಮ ಕೈಯಲ್ಲಿಲ್ಲ. ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ರಸ್ತೆಯ ನಿಯಮ. ಉದ್ದ ಲಾರಿ ತಿರುವಿನಲ್ಲಿ ಹಿಂದೆ ಮುಂದೆ ಮಾಡುವಾಗ ಎರಡು ಕಡೆಯವರೂ ಕಾಯಲೇಬೇಕು. ಕಾರಪಳ್ಳಂ ಬಳಿ ಕಬ್ಬಿನ ಲಾರಿಗೆ ಆನೆ ಅಡ್ಡ ನಿಂತರೆ ಅದು ಕಬ್ಬು ತಿಂದು ದಾರಿ ಬಿಟ್ಟಾಗಲೇ ನಮಗೂ ದಾರಿ. ಮಂಜು, ಮಳೆ ಬೇರೆ. ಉಳಿಯುವ ಉಪಾಯ ಒಂದೇ: ಬೇಗ ಹೊರಡುವುದು.

ವೇಗದ ಇನ್ನೊಂದು ಬೆಲೆಯೂ ಇದೆ. ಗಂಟೆಗೆ ಕಿ.ಮೀ. ಅನ್ನು ಸೆಕೆಂಡಿಗೆ ಮೀಟರ್ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು. 30 ಎಂದರೆ ಸೆಕೆಂಡಿಗೆ 8.3 ಮೀಟರ್, 60 ಎಂದರೆ 16.7 ಮೀಟರ್. ರಸ್ತೆಯ ಮೇಲೆ ಕಡವೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕೆಂದರೂ ಅಷ್ಟು ದೂರ ಗಾಡಿ ಮುಂದೆ ಹೋಗಿಯೇ ಇರುತ್ತದೆ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವಂತೂ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಆರು ನಿಮಿಷಕ್ಕೆ ಈ ಬೆಲೆ ಕೊಡಬೇಕೆ ಎಂದು ಪ್ರತಿಯೊಬ್ಬರೂ ಯೋಚಿಸಬೇಕು.

7. ಹೊರಡುವ ಸಮಯ ತೆಗೆಯುವ ಕ್ರಮ

ಗಡುವಿನಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಮೈಸೂರಿನಿಂದ ಹೊರಟು ರಾತ್ರಿ 9ರೊಳಗೆ ಕಾರಪಳ್ಳಂ ಚೆಕ್‌ಪೋಸ್ಟ್ ಮುಟ್ಟಬೇಕು ಎನ್ನಿ. ಇಲ್ಲೂ ದೂರಗಳು ಸುಮಾರು:

ಮೈಸೂರಿನಿಂದ ಚಾಮರಾಜನಗರ: 60 ಕಿ.ಮೀ., ಗಂಟೆಗೆ 45ರಂತೆ 80 ನಿಮಿಷ
ಚಾಮರಾಜನಗರದಿಂದ ಕಾರಪಳ್ಳಂ: 30 ಕಿ.ಮೀ., ಗಂಟೆಗೆ 36ರಂತೆ 50 ನಿಮಿಷ
ಟೀ, ಪೆಟ್ರೋಲ್, ಮಕ್ಕಳಿಗಾಗಿ ನಿಲ್ಲುವುದು: 30 ನಿಮಿಷ
ಒಟ್ಟು: 90 ಕಿ.ಮೀ., 160 ನಿಮಿಷ, ಅಂದರೆ 2 ಗಂಟೆ 40 ನಿಮಿಷ

ಗಾಡಿ ಓಡಿದ 130 ನಿಮಿಷವನ್ನಷ್ಟೇ ಹಿಡಿದರೆ ವೇಗ 41.5. ನಿಂತದ್ದನ್ನೂ ಸೇರಿಸಿದರೆ 33.75. ಗೇಟಿನವರು ನೋಡುವುದು ಗಡಿಯಾರವನ್ನು, ಆದ್ದರಿಂದ ನಮಗೆ ಬೇಕಾದದ್ದು ಎರಡನೆಯ ಅಂಕಿ. ಇದರ ಮೇಲೆ ಆನೆಗೋ ಪಂಕ್ಚರಿಗೋ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. 9 ಗಂಟೆಯಿಂದ 2 ಗಂಟೆ 40 ನಿಮಿಷ, ಮತ್ತೆ 30 ನಿಮಿಷ ಕಳೆದರೆ ಸಂಜೆ 5.50. ಮೈಸೂರಿನಿಂದ ಅಷ್ಟರೊಳಗೆ ಹೊರಟಿರಬೇಕು.

"90 ಕಿ.ಮೀ. ತಾನೆ, 45ರಂತೆ ಹೋದರೆ ಎರಡು ಗಂಟೆ, 6.45ಕ್ಕೆ ಹೊರಟರೂ ಕಾಲು ಗಂಟೆ ಮುಂಚೆ ತಲುಪುತ್ತೇವೆ" ಎಂದವರು ಇದೇ ಲೆಕ್ಕದಂತೆ ಗೇಟು ಮುಟ್ಟುವುದು 9.25ಕ್ಕೆ. ಆನೆ ಸಿಗದಿದ್ದರೂ ಅಷ್ಟೆ.

ಬಣ್ಣಾರಿ ಕಡೆಯಿಂದ ಬರುವವರಿಗೆ ಕ್ರಮ ಇದೇ, ಆದರೆ ಒಂದು ವ್ಯತ್ಯಾಸ. ಅವರಿಗೆ ಗೇಟು ಘಾಟಿಗಿಂತ ಮೊದಲೇ ಬರುತ್ತದೆ. ಗೇಟಿನ ಗಡುವು ಬೇರೆ, ಮನೆ ತಲುಪುವ ಹೊತ್ತು ಬೇರೆ. 8.55ಕ್ಕೆ ಗೇಟು ದಾಟಿದರೂ ಹಾಸನೂರಿಗೆ ಇನ್ನೂ ಒಂದು ಗಂಟೆಗೂ ಮೀರಿದ ಕತ್ತಲ ದಾರಿ ಉಳಿದಿರುತ್ತದೆ. ಹಗಲಿನಲ್ಲೇ ಘಾಟಿ ಹತ್ತುವಂತೆ ಹೊರಡುವುದು ಎಲ್ಲ ರೀತಿಯಲ್ಲೂ ಲೇಸು.

ಬಸ್ಸಿನಲ್ಲಿ ಬರುವವರು ನಿಲುಗಡೆಗಳನ್ನು ಮರೆಯಬಾರದು. ಹಾಸನೂರಿನಿಂದ ತಾಳವಾಡಿಗೆ 26 ಕಿ.ಮೀ. ಎಂದಿಟ್ಟುಕೊಂಡರೆ, ಗಂಟೆಗೆ 30ರಂತೆ ಓಡುವ ಬಸ್ಸಿಗೆ 52 ನಿಮಿಷ. ದಾರಿಯಲ್ಲಿ 12 ಕಡೆ ನಿಂತು, ಒಂದೊಂದು ಕಡೆ ಒಂದೂವರೆ ನಿಮಿಷ ಹಿಡಿದರೆ 18 ನಿಮಿಷ. ಒಟ್ಟು 70 ನಿಮಿಷ, ಸರಾಸರಿ 22.3. ಡ್ರೈವರ್ ನಿಧಾನ ಮಾಡಿದ ಎಂದು ಬೈಯುವ ಮುನ್ನ ಹತ್ತಿ ಇಳಿದವರನ್ನು ಎಣಿಸಿ ನೋಡಿ.

8. ಆಸ್ಪತ್ರೆಯ ಪ್ರಯಾಣ

ಈ ಲೆಕ್ಕ ನಿಜವಾಗಿ ಬೇಕಾಗುವುದು ಕಾಯಿಲೆ ಬಿದ್ದಾಗ. ತಾಳವಾಡಿ ಕಡೆಯವರಿಗೆ ಜಿಲ್ಲಾ ಕೇಂದ್ರ ಈರೋಡ್. ಅಲ್ಲಿಗೆ ಘಾಟಿ ಇಳಿದು, ಸತ್ಯಮಂಗಲ ದಾಟಿ ಇನ್ನೂ ದೂರ ಹೋಗಬೇಕು. ಚಾಮರಾಜನಗರ ಹತ್ತಿರ, ದಾರಿಯಲ್ಲಿ ದಿಂಬಂ ಘಾಟಿಯೂ ಇಲ್ಲ. ಹಾಸನೂರಿನಲ್ಲಿ ನಿಂತು ನೋಡಿದರೆ ಸತ್ಯಮಂಗಲ, ಚಾಮರಾಜನಗರ ಎರಡೂ ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಒಂದೇ. ನಿಮಿಷದಲ್ಲಿ ಒಂದೇ ಅಲ್ಲ. ರೋಗಿಯನ್ನು ಎತ್ತ ಕರೆದೊಯ್ಯಬೇಕೆಂಬುದನ್ನು ವೈದ್ಯರ ಸಲಹೆ, ಅಲ್ಲಿರುವ ಸೌಲಭ್ಯ, ವಿಮೆ ಇವೆಲ್ಲ ನಿರ್ಧರಿಸುತ್ತವೆ. ಆದರೆ ದೂರವನ್ನಷ್ಟೇ ನೋಡಿ ನಿರ್ಧರಿಸಬೇಡಿ, ನಿಮಿಷ ನೋಡಿ. ಆಂಬುಲೆನ್ಸಿಗೆ ರಾತ್ರಿ ತಡೆಯಿಲ್ಲ. ಸ್ವಂತ ಗಾಡಿಯಲ್ಲಿ ಹೋಗುವವರು ಆಸ್ಪತ್ರೆಯ ಚೀಟಿ, ವಿಳಾಸದ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಹೆರಿಗೆಗೆ ದಿನ ತುಂಬಿದವರು, ಹೃದಯದ ಕಾಯಿಲೆಯವರು ಇದ್ದರೆ ಎರಡೂ ಕಡೆಯ ಆಸ್ಪತ್ರೆಗೆ ಹಗಲಿನಲ್ಲಿ ಎಷ್ಟು ನಿಮಿಷ, ಮಳೆಯಲ್ಲಿ ಎಷ್ಟು ನಿಮಿಷ ಎಂದು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಗಾಬರಿಯ ಹೊತ್ತಿನಲ್ಲಿ ಲೆಕ್ಕ ಹೊಳೆಯುವುದಿಲ್ಲ.

9. ಬೇರೆ ಊರಿನ ಸದಸ್ಯರಿಗೆ

ಪ್ರತಿ ಗಡಿ ಊರಿಗೂ ಅದರದೇ ಘಾಟಿ ಇದೆ. ಹೊಸೂರಿನವರಿಗೆ ಬೆಟ್ಟವಿಲ್ಲ, ಆದರೆ ಅತ್ತಿಬೆಲೆ ದಾಟಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಇದೆ. ಮೇಲುಸೇತುವೆಯ ಮೇಲೆ ಉಳಿಸಿದ್ದನ್ನು ಸಿಗ್ನಲ್ ನುಂಗುತ್ತದೆ, ಲೆಕ್ಕ ಒಂದೇ. ಕಾಸರಗೋಡಿನವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವಾಗ ರಸ್ತೆ ಮತ್ತು ರೈಲು ಎರಡನ್ನೂ ಹೋಲಿಸಿ ನೋಡಬಹುದು. ರೈಲಿನ ವೇಳಾಪಟ್ಟಿಯಲ್ಲಿ ದೂರವೂ ಸಮಯವೂ ಇರುವುದರಿಂದ ಸರಾಸರಿ ತೆಗೆಯುವುದು ಸುಲಭ. ಆದರೆ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಕೆಲಸದ ಜಾಗಕ್ಕೆ ಹೋಗುವ ಹೊತ್ತನ್ನೂ ಸೇರಿಸಿದರೆ ಮಾತ್ರ ಹೋಲಿಕೆ ನ್ಯಾಯವಾದದ್ದು. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿಗೆ ಬೇರೆಯೇ ಒಂದು ಕಾಲಂ ಇಡಬೇಕಾದೀತು.

10. ಸದಸ್ಯರು ಕೇಳುವ ಪ್ರಶ್ನೆಗಳು

ಫೋನಿನ ನಕ್ಷೆ ತೋರಿಸುವ ಸಮಯವನ್ನು ನಂಬಬಹುದೇ?
ಓಡುವ ಸಮಯಕ್ಕೆ ಮಟ್ಟಿಗೆ ಒಳ್ಳೆಯ ಅಂದಾಜು. ನೀವು ಎಲ್ಲಿ ಟೀ ಕುಡಿಯುತ್ತೀರಿ ಎಂದು ಅದಕ್ಕೆ ಗೊತ್ತಿಲ್ಲ. ಕಾಡಿನಲ್ಲಿ ಸಿಗ್ನಲ್ ಹೋದರೆ ಹೊಸ ಮಾಹಿತಿಯೂ ಬರುವುದಿಲ್ಲ. ನಿಮ್ಮ ನಿಲುಗಡೆ ಸೇರಿಸಿಕೊಳ್ಳಿ.

ಕಾರಿನ ಪರದೆಯ ಮೇಲೆ ಸರಾಸರಿ ವೇಗ ಬರುತ್ತದಲ್ಲ, ಅದು ಸಾಲದೇ?
ಹೊರಡುವಾಗ ಅದನ್ನು ಸೊನ್ನೆ ಮಾಡಿದ್ದರೆ ಮಾತ್ರ ಅದು ಈ ಪ್ರಯಾಣದ್ದು, ಇಲ್ಲದಿದ್ದರೆ ಹಳೆಯ ಓಡಾಟವೂ ಸೇರಿರುತ್ತದೆ. ಹಲವು ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ ನಿಂತ ಹೊತ್ತು ಅದರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕೈಗಡಿಯಾರದ ಲೆಕ್ಕವೇ ಕೊನೆಯದು.

ಕೆಲವು ಕಾಡಿನ ರಸ್ತೆಗಳಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಏಕೆ?
ನಾಗರಹೊಳೆಯಂಥ ಕಡೆ ಇದು ರೂಢಿಯಲ್ಲಿದೆ. ಅದೂ ಸರಾಸರಿ ವೇಗದ್ದೇ ಲೆಕ್ಕ. 15 ಕಿ.ಮೀ. ರಸ್ತೆಗೆ 40ರ ಮಿತಿ ಇದ್ದರೆ ಕನಿಷ್ಠ 22.5 ನಿಮಿಷ ಹಿಡಿಯಬೇಕು. 18 ನಿಮಿಷಕ್ಕೆ ಆಚೆ ಬಂದರೆ ಸರಾಸರಿ 50. ಸರಾಸರಿಯೇ ಮಿತಿ ಮೀರಿದ ಮೇಲೆ ಎಲ್ಲೋ ಒಂದು ಕಡೆ ಮೀರಿರುವುದು ಖಂಡಿತ, ಕ್ಯಾಮೆರಾ ಬೇಕಿಲ್ಲ. ಆದರೆ ಸರಾಸರಿ 40ರೊಳಗಿದೆ ಎಂಬುದರಿಂದ ಎಲ್ಲೂ ಮೀರಿಲ್ಲ ಎಂದು ಸಾಬೀತಾಗದು. ಮೊದಲು ಓಡಿಸಿ, ಆಮೇಲೆ ಗೇಟಿನ ಹತ್ತಿರ ನಿಂತು ಕಾಯುವವರೂ ಇರುತ್ತಾರೆ. ಕಾಡಿನ ರಸ್ತೆಯಲ್ಲಿ ಹಾಗೆ ನಿಲ್ಲುವುದೂ ತಪ್ಪು.

ಹೋದ ಸಲ ಒಂದು ಗಂಟೆಗೇ ಬಂದೆವು, ಅದನ್ನೇ ಹಿಡಿಯಬಹುದೇ?
ಒಂದು ಸಲದ ಅನುಭವದಿಂದ ಗಡುವು ಕಟ್ಟಬೇಡಿ. ನಾಲ್ಕೈದು ಪ್ರಯಾಣ ಬರೆದಿಡಿ. ಗೇಟಿನ ಗಡುವಿಗೆ ಅವುಗಳಲ್ಲಿ ಅತಿ ನಿಧಾನವಾದದ್ದನ್ನು ಹಿಡಿಯಿರಿ. ಮನೆಯವರಿಗೆ "ಇಷ್ಟು ಹೊತ್ತಿಗೆ ಬರ್ತೀವಿ" ಎನ್ನಲು ಸರಾಸರಿಯನ್ನು ಹಿಡಿಯಿರಿ.

11. ಪುಸ್ತಕ ಇಡುವ ಬಗೆ

ಗಾಡಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ಆರು ಕಾಲಂ ಸಾಕು: ದಿನಾಂಕ, ಸ್ಥಳ, ಮೀಟರ್ ರೀಡಿಂಗ್, ತಲುಪಿದ ಸಮಯ, ಹೊರಟ ಸಮಯ, ಷರಾ. ಸತ್ಯಮಂಗಲ, ಬಣ್ಣಾರಿ, ದಿಂಬಂ, ಹಾಸನೂರು, ಕಾರಪಳ್ಳಂ, ಚಾಮರಾಜನಗರ, ಹೀಗೆ ಒಂದೊಂದು ಸ್ಥಳಕ್ಕೂ ಒಂದು ಸಾಲು. ಷರಾ ಕಾಲಂನಲ್ಲಿ ಮಳೆ, ಮಂಜು, ಲಾರಿ, ಆನೆ ಎಂದು ಒಂದೇ ಮಾತು. ಬರೆಯುವುದು ಪಕ್ಕದಲ್ಲಿ ಕೂತವರ ಕೆಲಸ, ಗಾಡಿ ಓಡಿಸುವವರದ್ದಲ್ಲ.

ಹೀಗೆ ಬರೆದ ಪುಟಗಳ ಫೋಟೋವನ್ನು ಸದಸ್ಯರು ಸಂಘಕ್ಕೆ ಕಳುಹಿಸಿದರೆ ಎಲ್ಲರದನ್ನೂ ಒಟ್ಟುಗೂಡಿಸಿ, ಹಗಲು, ಸಂಜೆ, ಮಳೆಗಾಲ ಎಂದು ಬೇರೆ ಬೇರೆ ಮಾಡಿ ಒಂದು ಪಟ್ಟಿ ತಯಾರಿಸುತ್ತೇವೆ. ಆ ಪಟ್ಟಿಯನ್ನು ಕಾರ್ಯಕ್ರಮಗಳ ಪುಟದಲ್ಲೇ ಹಾಕುತ್ತೇವೆ. ನಮ್ಮ ಸಂಜೆಯ ಕಾರ್ಯಕ್ರಮಗಳನ್ನು ಎಷ್ಟು ಗಂಟೆಗೆ ಮುಗಿಸಿದರೆ ಕೆಳಗಿನವರೂ ಮೇಲಿನವರೂ ಗೇಟಿಗೆ ಮುಂಚೆ ದಾಟಬಹುದು ಎಂಬುದನ್ನೂ ಅದನ್ನು ನೋಡಿಯೇ ಗೊತ್ತು ಮಾಡಬಹುದು. ಕೊನೆಯ ಭಾಷಣ ಮೊಟಕಾದರೆ ಯಾರೂ ಬೇಸರ ಮಾಡಿಕೊಳ್ಳಲಾರರು.

ಹಾಸನೂರಿಗೆ ಬರುವ ಸದಸ್ಯರು ಹೊರಡುವ ಮುನ್ನ ಸಂಘಕ್ಕೆ ಒಂದು ಮಾತು ತಿಳಿಸಿ. ಘಾಟಿಯಲ್ಲಿ ಅಡಚಣೆಯಿದ್ದರೆ ನಮಗೆ ಗೊತ್ತಿದ್ದಷ್ಟು ಹೇಳುತ್ತೇವೆ. ಊಟ ಕಾದಿರುತ್ತದೆ, ಆತುರ ಬೇಡ.

ಕಾರ್ಯದರ್ಶಿ
(ಸಂಘದ ಪರವಾಗಿ)